ಮನೆ ಮಾರೋಕೆ ಮುಂಚೆ ಕಮ್ಮಿ ಖರ್ಚಲ್ಲಿ ಏನೇನ್ ರೆಡಿ ಮಾಡ್ಕೋಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಹೆಚ್ಚಾಗಿ ಬೆಂಗಳೂರು ಮೈಸೂರು ಕಡೆ 20-30 ವರ್ಷದ ಹಳೇ ಮನೆ ಇರೋರಿಗೆ ಅಂತ ಬರೆದಿರೋದು. 30/40 ಸೈಟಲ್ಲಿ ಅಪ್ಪ ಅಮ್ಮ ಕಟ್ಟಿಸಿದ ಮನೆ, ಮಕ್ಕಳೆಲ್ಲ ಬೇರೆ ಕಡೆ ಸೆಟ್ಲ್ ಆಗಿದಾರೆ, ಮಾರೋಣ ಅಂತ ತೀರ್ಮಾನ ಆಗಿದೆ, ಆದ್ರೆ ಅದರ ಮೇಲೆ ಲಕ್ಷಗಟ್ಲೆ ಸುರಿಯೋ ಮನಸ್ಸೂ ಇಲ್ಲ ದುಡ್ಡೂ ಇಲ್ಲ, ಅಂಥೋರ ಪ್ರಶ್ನೆಗಳೇ ಜಾಸ್ತಿ. ಫ್ಲಾಟ್ ಇರೋರಿಗೆ, ಹೆಂಚಿನ ಮನೆಯೋರಿಗೆ ಬೇಕಾಗಿದ್ದೂ ಕೆಳಗಡೆ ಇದೆ.

ಮಾರೋ ಮನೆಗೆ ಮತ್ತೆ ದುಡ್ಡು ಯಾಕೆ ಹಾಕ್ಬೇಕು? ಹೆಂಗಿದ್ಯೋ ಹಂಗೇ ಕೊಟ್ಬಿಟ್ರೆ ಆಗಲ್ವಾ?

ಮೊದಲು ಇದನ್ನ ತಿಳ್ಕೊಳ್ಳಿ: ನಿಮ್ಮ ಮನೇನ ತಗೊಳೋರು ಅದರಲ್ಲಿ ವಾಸ ಮಾಡೋಕೆ ತಗೋತಾರಾ, ಇಲ್ಲಾ ಒಡೆದು ಹೊಸದು ಕಟ್ಟೋಕೆ ತಗೋತಾರಾ? ನಿಮ್ಮ ರಸ್ತೇಲಿ ಅಕ್ಕಪಕ್ಕದ ಹಳೇ ಮನೆಗಳೆಲ್ಲ ಹೋಗಿ ನಾಲ್ಕು ಫ್ಲೋರ್ ಬಾಡಿಗೆ ಮನೆ ಎದ್ದಿವೆ ಅಂದ್ರೆ ನಿಮಗೂ ಬರೋದು ಸೈಟ್ ರೇಟೇ. ಆಗ ಪೇಂಟಿಗೆ ಒಂದು ರೂಪಾಯಿನೂ ಹಾಕ್ಬೇಡಿ, ಇರೋ ದುಡ್ಡನ್ನ ಕಾಗದ ಪತ್ರ ಸರಿಮಾಡೋಕೆ, ಮನೆ ಖಾಲಿ ಮಾಡಿ ಗುಡಿಸೋಕೆ ಇಟ್ಕೊಳ್ಳಿ. ಏರಿಯಾದ ಇಬ್ಬರು ಮೂವರು ಬ್ರೋಕರ್ ಹತ್ರ ಬೇರೆ ಬೇರೆಯಾಗಿ ಕೇಳಿದ್ರೆ ಅರ್ಧ ಗಂಟೇಲಿ ಗೊತ್ತಾಗತ್ತೆ.

ವಾಸಕ್ಕೆ ಬರೋರಾದ್ರೆ ಕಥೆ ಬೇರೆ. ಅವರು ಬ್ಯಾಂಕ್ ಲೋನ್ ಮಾಡಿ, ಒಡವೆ ಇಟ್ಟು ಬರ್ತಾರೆ. 45 ಲಕ್ಷದ ಮೇಲಿನ ಮನೆಗೆ ಸ್ಟ್ಯಾಂಪ್ ಡ್ಯೂಟಿನೇ 5 ಪರ್ಸೆಂಟ್, ಅದರ ಮೇಲೆ ಸೆಸ್ಸು ಸರ್ಚಾರ್ಜು ಬೇರೆ, ರಿಜಿಸ್ಟ್ರೇಷನ್ ಫೀ 1 ಪರ್ಸೆಂಟ್ ಇದ್ದಿದ್ದು 2025ರ ಆಗಸ್ಟ್ 31ರಿಂದ 2 ಪರ್ಸೆಂಟ್ ಆಗಿದೆ. ಇಷ್ಟೆಲ್ಲ ಕಟ್ಟಿದ ಮೇಲೆ ಅವರ ಕೈಲಿ ರಿಪೇರಿಗೆ ಅಂತ ಏನೂ ಉಳಿದಿರಲ್ಲ, ಹಾಗಾಗಿ ಹಾಲುಕ್ಕಿಸಿ ನೇರ ಬಂದಿರಬಹುದಾದ ಮನೆ ಹುಡುಕ್ತಾರೆ. ಅಂಥೋರು ಬಂದಾಗ ಒಂದು ಲೀಕ್ ಕಣ್ಣಿಗೆ ಬಿದ್ರೆ ಆ ಲೀಕ್ ರಿಪೇರಿ ಖರ್ಚನ್ನ ಮಾತ್ರ ರೇಟಲ್ಲಿ ಕಳೆಯಲ್ಲ, ಕಾಣದೇ ಇರೋದು ಇನ್ನೂ ಏನೇನಿದ್ಯೋ ಅನ್ನೋ ಭಯಕ್ಕೂ ಸೇರ್ಸಿ ಕಳೀತಾರೆ. ನಿಮ್ಮ ಖರ್ಚೆಲ್ಲ ಈ ಭಯ ಹೋಗ್ಸೋಕೆ ಆಗ್ಬೇಕು. ಮನೇನ ಹೊಳೆಯೋ ಥರ ಮಾಡೋಕೆ ಹೋದ್ರೆ ದುಡ್ಡು ವಾಪಸ್ ಬರಲ್ಲ.

ನನ್ನ ಹತ್ರ ಮೂವತ್ತು ಸಾವಿರ ಮಾತ್ರ ಇದೆ, ಯಾವುದಕ್ಕೆ ಮೊದಲು ಹಾಕ್ಲಿ?

ಕಾಗದ ಪತ್ರ ಮೊದಲು. ಆಮೇಲೆ ನೀರು ಎಲ್ಲಿ ಸೋರ್ತಿದ್ಯೋ ಅದು. ಆಮೇಲೆ ಇಬ್ಬರು ಆಳಿಟ್ಟು ಎರಡು ದಿನ ಚೆನ್ನಾಗಿ ಕ್ಲೀನಿಂಗ್. ಆಮೇಲೆ ಚಿಲ್ರೆ ರಿಪೇರಿ: ತೊಟ್ಟಿಕ್ಕೋ ನಲ್ಲಿ, ಕಿರ್ ಅನ್ನೋ ಬಾಗಿಲು, ಮುಚ್ಚಳ ಒಡೆದಿರೋ ಸ್ವಿಚ್ಚು, ಉರಿಯದ ಲೈಟು. ಇಷ್ಟೆಲ್ಲ ಆದ್ಮೇಲೆ ಉಳಿದಿದ್ರೆ ಪೇಂಟು. ಸುಮಾರು ಜನ ಇದನ್ನ ಉಲ್ಟಾ ಮಾಡ್ತಾರೆ, ದುಡ್ಡೆಲ್ಲ ಪೇಂಟಿಗೆ ಸುರಿದು, ಗಿರಾಕಿ ಅಡ್ವಾನ್ಸ್ ಕೊಡೋಕೆ ಬಂದಾಗ ಖಾತಾದಲ್ಲಿ (ಪಾಲಿಕೆಯ ಆಸ್ತಿ ದಾಖಲೆ) ಹೆಸರು ಬದಲಾಗಿಲ್ಲ ಅಂತ ಆಫೀಸ್ ಸುತ್ತೋಕೆ ಶುರು ಮಾಡ್ತಾರೆ.

ರೂಮಿನ ಗೋಡೆಲಿ ಪೇಂಟ್ ಉಬ್ಬಿ ಉದುರ್ತಿದೆ. ಮೇಲೆ ಪುಟ್ಟಿ ಹಾಕಿ ಹೊಡೆಸಿದ್ರೆ ಸಾಕಲ್ವಾ?

ಸಾಕಾಗಲ್ಲ. ಒಳಗಿಂದ ತೇವ ಬರ್ತಿರೋ ಗೋಡೆ ಮೇಲೆ ಏನೇ ಹೊಡೆದ್ರೂ ಕೆಲವೇ ವಾರದಲ್ಲಿ ಮತ್ತೆ ಎದ್ದು ಬರತ್ತೆ, ಅದೂ ಸರಿಯಾಗಿ ಗಿರಾಕಿ ಎರಡನೇ ಸಲ ನೋಡೋಕೆ ಬಂದಾಗ. ಮನೆ ನೋಡೋಕೆ ಬರೋರ ಜೊತೆ ಒಬ್ಬ ಮಾವನೋ ಚಿಕ್ಕಪ್ಪನೋ ಇದ್ದೇ ಇರ್ತಾರೆ, ಅವರು ಹಾಲ್ ಸೋಫಾ ಏನೂ ನೋಡಲ್ಲ, ಸೀದಾ ಬಾತ್‌ರೂಮ್ ಹಿಂದಿನ ಗೋಡೆಗೆ ಅಂಗೈ ಇಟ್ಟು ನೋಡ್ತಾರೆ, ಮಂಚದ ಹಿಂದೆ ಬಗ್ಗಿ ನೋಡ್ತಾರೆ, ಸಂಪ್ ಮುಚ್ಚಳ ಎತ್ತಿಸ್ತಾರೆ.

ನೀರು ಎಲ್ಲಿಂದ ಬರ್ತಿದೆ ಅಂತ ಜಾಗ ನೋಡಿನೇ ಮುಕ್ಕಾಲು ಭಾಗ ಹೇಳ್ಬೋದು. ನೆಲದಿಂದ ಎರಡು ಮೂರು ಅಡಿವರೆಗೆ ಗೋಡೆ ಉದ್ದಕ್ಕೂ ಇದ್ರೆ ಪಾಯದಿಂದ ಮೇಲೆ ಏರ್ತಿರೋ ತೇವ. ಬಾತ್‌ರೂಮಿಗೆ ಅಂಟಿರೋ ಗೋಡೆಲಿದ್ರೆ ಟೈಲ್ಸ್ ಸಂದು, ಇಲ್ಲಾ ಒಳಗಿನ ಪೈಪು. ಸೀಲಿಂಗ್ ಮೂಲೇಲಿದ್ರೆ ಟೆರೇಸು. ಕಿಟಕಿ ಕೆಳಗಿದ್ರೆ ಸಜ್ಜಾ ಇಲ್ಲಾ ಚೌಕಟ್ಟಿನ ಸಂದು. ಉಬ್ಬಿರೋ ಜಾಗನ ಬೆರಳಲ್ಲಿ ಒರೆಸಿದ್ರೆ ಬಿಳೀ ಪುಡಿ ಅಂಟತ್ತಲ್ಲ, ಅದು ಇಟ್ಟಿಗೆ ಸಿಮೆಂಟ್ ಒಳಗಿನ ಉಪ್ಪು, ನೀರಿನ ಜೊತೆ ಹೊರಗೆ ಬಂದು ಒಣಗಿರೋದು. ಅದು ಕಂಡ್ರೆ ನೀರು ಗೋಡೆ ಒಳಗಿಂದಾನೇ ಬರ್ತಿದೆ ಅಂತ.

ಇನ್ನೂ ಅನುಮಾನ ಇದ್ರೆ ಒಂದು ದಪ್ಪ ಪ್ಲಾಸ್ಟಿಕ್ ಹಾಳೆನ ಗೋಡೆ ಮೇಲೆ ಇಟ್ಟು ನಾಲ್ಕೂ ಕಡೆ ಟೇಪ್ ಹಾಕಿ ಒಂದೆರಡು ದಿನ ಬಿಡಿ. ಗೋಡೆ ಕಡೆ ಮುಖಕ್ಕೆ ಹನಿ ಕೂತಿದ್ರೆ ಗೋಡೆಯಿಂದ ಬರ್ತಿರೋದು, ರೂಮಿನ ಕಡೆ ಮುಖಕ್ಕೆ ಹನಿ ಇದ್ರೆ ಗಾಳಿ ಆಡದೆ ಕೂರ್ತಿರೋ ತೇವ, ಅದಕ್ಕೆ ಕಿಟಕಿ ತೆಗೆದು ಬೀರು ಗೋಡೆಯಿಂದ ಸ್ವಲ್ಪ ಈಚೆಗೆ ಎಳೆದ್ರೆ ಸಾಕು.

ಪೈಪ್ ಲೀಕ್ ನೋಡೋಕೆ ರಾತ್ರಿ ಮೋಟರ್ ಆಫ್ ಮಾಡಿ, ಎಲ್ಲಾ ನಲ್ಲಿ ಮುಚ್ಚಿ, ಮೇಲಿನ ಟ್ಯಾಂಕಲ್ಲಿ ನೀರಿನ ಮಟ್ಟಕ್ಕೆ ಒಂದು ಗುರುತು ಹಾಕಿ ಮಲ್ಕೊಳ್ಳಿ. ಬೆಳಿಗ್ಗೆ ಇಳಿದಿದ್ರೆ ಎಲ್ಲೋ ಸೋರ್ತಿದೆ. ಹಂಗಂತ ತಕ್ಷಣ ಗೋಡೆ ಒಡೆಸಬೇಡಿ, ಮೊದಲು ಫ್ಲಶ್ ಟ್ಯಾಂಕಿಗೆ ಬಟ್ಟೆಗೆ ಹಾಕೋ ನೀಲಿ ನಾಲ್ಕು ಹನಿ ಹಾಕಿ ಕಾಲು ಗಂಟೆ ಫ್ಲಶ್ ಮಾಡದೆ ಬಿಟ್ಟು ಕಮೋಡ್ ಒಳಗೆ ನೋಡಿ, ನೀಲಿ ಇಳಿದಿದ್ರೆ ನೀರು ಹೋಗ್ತಿರೋದು ಅಲ್ಲೇ, ಒಳಗಿನ ರಬ್ಬರ್ ಬದಲಾಯಿಸಿದ್ರೆ ಆಯ್ತು.

ಟೆರೇಸಲ್ಲಿ ದುಡ್ಡಿಲ್ಲದೆ ಆಗೋ ಕೆಲಸ ಅಂದ್ರೆ ಮಳೆನೀರಿನ ಪೈಪ್ ಬಾಯಲ್ಲಿ ಕೂತಿರೋ ಎಲೆ, ಮಣ್ಣು, ಪ್ಲಾಸ್ಟಿಕ್ ತೆಗೆಯೋದು. ಎಷ್ಟೋ ಮನೆಲಿ ಸೀಲಿಂಗ್ ಒದ್ದೆ ಆಗ್ತಿರೋದಕ್ಕೆ ನಿಂತ ನೀರೇ ಕಾರಣ. ಬಿರುಕು ಇದ್ರೆ ಸ್ವಲ್ಪ ಅಗಲ ಮಾಡಿ ಕೊರೆಸಿ, ಕ್ರ್ಯಾಕ್ ಫಿಲ್ಲರ್ ತುಂಬಿಸಿ, ಅದರ ಮೇಲೆ ವಾಟರ್‌ಪ್ರೂಫ್ ಕೋಟ್ ಎರಡು ಸಲ. ಆಮೇಲೆ ಗೋಡೆ ಪೂರ್ತಿ ಒಣಗೋವರೆಗೂ ಕಾಯ್ಬೇಕು, ಇದರಲ್ಲಿ ಅರ್ಜೆಂಟ್ ಮಾಡಿದ್ರೆ ಮಾಡಿದ್ದೆಲ್ಲ ದಂಡ.

ಹಂಗಾದ್ರೆ ಪೇಂಟ್ ಬೇಡ್ವಾ?

ಪೂರ್ತಿ ಮನೆಗೆ ಬೇಡ. ಮುಂಭಾಗದ ಗೋಡೆ, ಕಾಂಪೌಂಡು, ಹಾಲು, ಇಷ್ಟು ಮಾಡ್ಸಿ. ರೂಮುಗಳಲ್ಲಿ ಹಳೇ ಪೇಂಟ್ ಗಟ್ಟಿಯಾಗಿ ಇದ್ರೆ ಸೋಪಿನ ನೀರಲ್ಲಿ ಸ್ಪಂಜ್ ಅದ್ದಿ ಒರೆಸಿ ನೋಡಿ, ಸ್ವಿಚ್‌ಬೋರ್ಡ್ ಸುತ್ತ ಕೈ ಕೊಳೆ, ತಲೆದಿಂಬಿನ ಹಿಂದಿನ ಎಣ್ಣೆ ಜಿಡ್ಡು ಹೋದ್ರೆ ಅರ್ಧ ಹೊಸದಾದಂಗೆ ಕಾಣತ್ತೆ. ಆದ್ರೆ ಸುಣ್ಣ ಇಲ್ಲಾ ಹಳೇ ಡಿಸ್ಟೆಂಪರ್ ಹೊಡೆದಿರೋ ಗೋಡೆ ಕೈಗೆ ಪುಡಿ ಅಂಟ್ತಿದ್ರೆ ಅದನ್ನ ಕೆರೆದು ಪ್ರೈಮರ್ ಹಾಕದೆ ಎಮಲ್ಷನ್ ಹೊಡೆಸಬೇಡಿ, ಪದರ ಪದರವಾಗಿ ಕಿತ್ತು ಬರತ್ತೆ.

ಬಣ್ಣ ತಿಳಿಯಾಗಿರ್ಲಿ, ಆಫ್ ವೈಟೋ ತಿಳಿ ಕೆನೆ ಬಣ್ಣಾನೋ. ಒಂದು ಗೋಡೆಗೆ ನೇರಳೆ ಒಂದು ಗೋಡೆಗೆ ಕಿತ್ತಳೆ ಎಲ್ಲ ಬೇಡ, ಬರೋರು ಅದನ್ನ ಮತ್ತೆ ಹೊಡೆಸೋ ಖರ್ಚು ಲೆಕ್ಕ ಹಾಕ್ತಾರೆ. ಪೇಂಟರ್ ಹತ್ರ ಲೇಬರ್ ಮಾತ್ರ ಮಾತಾಡಿ ಸಾಮಾನು ನೀವೇ ತಂದ್ಕೊಟ್ರೆ ಯಾವ ಪೇಂಟು, ಎಷ್ಟು ಬಕೆಟ್ಟು ಅನ್ನೋದು ನಿಮ್ಮ ಕಣ್ಣ ಮುಂದೆ ಇರತ್ತೆ.

ಮುಂಬಾಗಿಲ ಬಗ್ಗೆ ಒಂದು ಮಾತು. ತೇಗದ ಬಾಗಿಲಾದ್ರೆ ದಯವಿಟ್ಟು ಅದಕ್ಕೆ ಪೇಂಟ್ ಬಳಿಬೇಡಿ. ಸ್ಯಾಂಡ್‌ಪೇಪರ್ ಹಾಕಿ ಪಾಲಿಶ್ ಮಾಡ್ಸಿ, ಒಂದು ಬಾಗಿಲಿಗೆ ಆಗೋ ಖರ್ಚು ಕಮ್ಮಿ, ಬೀಗ ತೆಗೆಯೋವರೆಗೂ ಬಂದೋರು ನೋಡ್ತಾ ನಿಲ್ಲೋದು ಅದನ್ನೇ.

ಬಾತ್‌ರೂಮ್ ತುಂಬಾ ಹಳೇದು, ಹೊಸದಾಗಿ ಮಾಡಿಸ್ಲಾ?

ಬೇಡ. ಪೂರ್ತಿ ಬಾತ್‌ರೂಮ್ ಒಡೆದು ಮಾಡ್ಸಿದ ದುಡ್ಡು ರೇಟಲ್ಲಿ ವಾಪಸ್ ಬರೋದು ಅಪರೂಪ, ತಗೊಳೋರಿಗೆ ಅವರದೇ ಟೈಲ್ಸ್ ಆಸೆ ಇರತ್ತೆ. ನೀವು ಮಾಡ್ಬೇಕಾಗಿರೋದು ಕ್ಲೀನು ಮತ್ತೆ ವಾಸನೆ ಇಲ್ದಂಗೆ.

ಬೋರ್‌ವೆಲ್ ನೀರಿನ ಏರಿಯಾದಲ್ಲಿ ನಲ್ಲಿ, ಶವರ್, ಟೈಲ್ಸ್ ಮೇಲೆ ಬಿಳೀ ಕಲೆ ಕಟ್ಟಿರತ್ತೆ. ಅಂಗಡಿಲಿ ಸಿಗೋ ನಿಂಬೆ ಉಪ್ಪನ್ನ ಬಿಸಿನೀರಲ್ಲಿ ಕರಗಿಸಿ ಬಟ್ಟೆ ಅದ್ದಿ ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಟ್ಟು ಉಜ್ಜಿದ್ರೆ ಬಿಡತ್ತೆ. ಆಸಿಡ್ ಹಾಕಿದ್ರೆ ಬೇಗ ಹೋಗತ್ತೆ ನಿಜ, ಆದ್ರೆ ಟೈಲ್ಸ್ ಸಂದಿನ ಸಿಮೆಂಟನ್ನೂ ತಿನ್ನತ್ತೆ, ಆಮೇಲೆ ಅದೇ ಸಂದಿಂದ ನೀರಿಳಿದು ಹಿಂದಿನ ಗೋಡೆ ಒದ್ದೆ. ಇನ್ನೊಂದು, ಆಸಿಡ್ ಹಾಕಿದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಯಾವತ್ತೂ ಸೇರ್ಸಬೇಡಿ, ವಿಷದ ಗಾಳಿ ಏಳತ್ತೆ, ಚಿಕ್ಕ ಬಾತ್‌ರೂಮಲ್ಲಿ ಬಾಗಿಲು ಹಾಕ್ಕೊಂಡು ಉಜ್ಜೋರಿಗೆ ಪ್ರಾಣಾಪಾಯ. ಕೆಲಸದೋರಿಗೂ ಇದನ್ನ ಹೇಳಿ.

ಟೈಲ್ಸ್ ಸಂದು ಕಪ್ಪಾಗಿದ್ರೆ ಕೆರೆದು ಹೊಸದಾಗಿ ಗ್ರೌಟ್ ತುಂಬಿಸಿ, ಹಳೇ ಟೈಲ್ಸೇ ಹೊಸದಾಗಿ ಕಾಣತ್ತೆ, ಸೋರೋದೂ ನಿಲ್ಲತ್ತೆ. ಒಡೆದಿರೋ ಬಕೆಟ್ಟು, ಬಣ್ಣ ಹೋದ ಮಗ್ಗು, ಖಾಲಿ ಶಾಂಪೂ ಬಾಟ್ಲಿ ಎಲ್ಲ ಆಚೆ.

ಮನೆ ಖಾಲಿ ಬಿದ್ದು ಆರು ತಿಂಗಳಾಯ್ತು, ಒಳಗೆ ಹೋದ್ರೆ ಚರಂಡಿ ವಾಸನೆ. ಪ್ಲಂಬರ್ ಒಡಿಬೇಕು ಅಂತಾನೆ.

ಒಡೆಸೋ ಮುಂಚೆ ಎಲ್ಲಾ ಬಾತ್‌ರೂಮಿನ ಜಾಲರಿಗೆ, ಬಾಲ್ಕನಿ ಜಾಲರಿಗೆ, ವಾಷ್‌ಬೇಸಿನ್ನಿಗೆ, ಉಪಯೋಗಿಸದ ಕಮೋಡಿಗೆ ಒಂದೊಂದು ಬಕೆಟ್ ನೀರು ಹುಯ್ಯಿರಿ. ಜಾಲರಿ ಕೆಳಗಿನ ಟ್ರ್ಯಾಪಲ್ಲಿ ಸ್ವಲ್ಪ ನೀರು ನಿಂತಿರೋದೇ ಚರಂಡಿ ಗಾಳಿನ ತಡೆಯೋದು, ಖಾಲಿ ಮನೆಲಿ ಅದು ಆರಿ ಹೋಗಿ ಗಾಳಿ ನೇರ ಒಳಗೆ ಬರತ್ತೆ. ವಾರಕ್ಕೊಂದು ಸಲ ಯಾರಾದ್ರೂ ಹೋಗಿ ನೀರು ಹಾಕಿ, ಕಿಟಕಿ ತೆಗೆದು ಗಾಳಿ ಆಡಿಸಿ ಬಂದ್ರೆ ಸಾಕು. ಅಷ್ಟು ಮಾಡಿದ್ಮೇಲೂ ವಾಸನೆ ಹೋಗ್ಲಿಲ್ಲ ಅಂದ್ರೆ ಆಗ ಛೇಂಬರ್ ತೆಗೆಸಿ ನೋಡ್ಸಿ. ಕರೆಂಟು ಮಾತ್ರ ಕಟ್ ಮಾಡಿಸ್ಬೇಡಿ, ಲೈಟಿಲ್ಲದ ಮನೇನ ಸಂಜೆ ತೋರ್ಸೋಕೆ ಆಗಲ್ಲ, ಆಫೀಸಿಗೆ ಹೋಗೋರು ಬರೋದೇ ಸಂಜೆ.

ಅಡುಗೆ ಮನೆಗೆ ಏನ್ ಮಾಡ್ಲಿ? ಮಾಡ್ಯುಲರ್ ಹಾಕಿಸಿದ್ರೆ ರೇಟ್ ಬರತ್ತಾ?

ಹಾಕಿಸಿದಷ್ಟು ಬರಲ್ಲ. ಎಕ್ಸಾಸ್ಟ್ ಫ್ಯಾನ್ ಜಿಡ್ಡು ತೆಗೆಸಿ, ಒಲೆ ಹಿಂದಿನ ಗೋಡೆ ಉಜ್ಜಿಸಿ, ಸಿಂಕ್ ಕೆಳಗಿನ ಪೈಪ್ ಸೋರ್ತಿದ್ರೆ ಸರಿಮಾಡ್ಸಿ, ಕಡಪಾ ಕಲ್ಲಿನ ಶೆಲ್ಫ್ ಮೇಲಿನ ಹಳೇ ಪೇಪರ್ ತೆಗೆದು ತೊಳೀರಿ. ಡಬ್ಬಗಳು ಅರ್ಧಕ್ಕರ್ಧ ಕಮ್ಮಿ ಆದ್ರೆ ಜಾಗ ಜಾಸ್ತಿ ಇದೆ ಅಂತ ಕಾಣತ್ತೆ. ಜಿರಳೆ ಜೆಲ್ ಹಾಕ್ಸಿ. ಬಾಗಿಲ ಚೌಕಟ್ಟಲ್ಲಿ, ಅಟ್ಟದ ಮರದಲ್ಲಿ ಗೆದ್ದಲು ಇದ್ರೆ ಅದಕ್ಕೆ ಮಾತ್ರ ಔಷಧಿ ಹೊಡೆಸೋದು ತಪ್ಪಿಸ್ಬೇಡಿ, ಗೆದ್ದಲು ಕಂಡ ಮನೆ ಬಿಟ್ಟು ಹೋಗೋರು ಜಾಸ್ತಿ.

ನಮ್ಮದು ರೆಡ್ ಆಕ್ಸೈಡ್ ನೆಲ. ಕಿತ್ತು ಟೈಲ್ಸ್ ಹಾಕಿಸ್ಬೇಕಾ?

ಅಯ್ಯೋ ಬೇಡ. ಈಗ ಅದನ್ನ ಹುಡುಕ್ಕೊಂಡು ಬರೋರಿದಾರೆ. ಆಸಿಡ್, ಫಿನಾಯಿಲ್ ಜಾಸ್ತಿ ಹಾಕದೆ ಮೃದುವಾದ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಬಟ್ಟೇಲಿ ಒಂದಿಷ್ಟು ಕೊಬ್ಬರಿ ಎಣ್ಣೆ ತಗೊಂಡು ತೆಳುವಾಗಿ ಒರೆಸಿ, ಇಲ್ಲಾ ನೆಲದ ವ್ಯಾಕ್ಸ್ ಪಾಲಿಶ್ ಹಾಕಿ. ಜಾರೋಷ್ಟು ಎಣ್ಣೆ ಬೇಡ. ಮೊಸಾಯಿಕ್ ನೆಲ ಆದ್ರೆ ಮಿಷನ್ ಪಾಲಿಶ್ ಮಾಡೋರು ಸಿಗ್ತಾರೆ, ಹಾಲಿಗೆ ಮಾತ್ರ ಮಾಡ್ಸಿದ್ರೂ ಮನೆ ಬದಲಾಗತ್ತೆ. ಗಲೀಜು ಆಗೋ ಕೆಲಸ ಅದು, ಹಾಗಾಗಿ ಪೇಂಟಿಗೆ ಮುಂಚೆನೇ ಮಾಡಿಸ್ಬೇಕು.

ಅಟ್ಟ, ಸ್ಟೋರ್ ರೂಮ್ ತುಂಬ ಅಪ್ಪ ಅಮ್ಮನ ಸಾಮಾನು. ಏನ್ ಮಾಡೋದು?

ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ, ದುಡ್ಡಿಂದಲ್ಲ, ಮನಸ್ಸಿಂದ. ಹಿತ್ತಾಳೆ ಪಾತ್ರೆ, ಫೋಟೋ, ಹಳೇ ಡೈರಿ, ಅಮ್ಮನ ಸೀರೆ, ಇವನ್ನೆಲ್ಲ ಅಣ್ಣತಮ್ಮ ಅಕ್ಕತಂಗಿ ಎಲ್ಲರೂ ಒಂದು ದಿನ ಸೇರಿ ಕೂತು ಹಂಚ್ಕೊಳ್ಳಿ, ಒಬ್ಬರೇ ಹೋಗಿ ಗುಜರಿಗೆ ಹಾಕಿ ಆಮೇಲೆ ಮಾತು ಬರೋದು ಬೇಡ. ಹಳೇ ಕಾಗದ ಇರೋ ಟ್ರಂಕು, ಪ್ಲಾಸ್ಟಿಕ್ ಕವರು ಮಾತ್ರ ನೋಡದೆ ಎಸೀಬೇಡಿ. ಮೊದಲ ಸೇಲ್ ಡೀಡು, ಪ್ಲಾನ್ ಸ್ಯಾಂಕ್ಷನ್, ಕಂದಾಯ ಕಟ್ಟಿರೋ ರಸೀದಿ, ಬೆಟರ್‌ಮೆಂಟ್ ಚಾರ್ಜ್ (ಅಭಿವೃದ್ಧಿ ಶುಲ್ಕ) ರಸೀದಿ ಎಲ್ಲ ಅಂಥ ಕಡೆನೇ ಸಿಗೋದು.

ಅದಾದ್ಮೇಲೆ ಉಳಿದ ಪೇಪರ್, ಕಬ್ಬಿಣ, ಮುರಿದ ಕುರ್ಚಿ ಗುಜರಿಗೆ. ಆ ದುಡ್ಡಲ್ಲೇ ಕ್ಲೀನಿಂಗ್ ಕೂಲಿ ಸ್ವಲ್ಪ ಬರತ್ತೆ. ಖಾಲಿ ಮಾಡಿದ ರೂಮು ನಿಮಗೇ ದೊಡ್ಡದಾಗಿ ಕಾಣತ್ತೆ.

ವಾಸ್ತು ಸರಿಯಿಲ್ಲ ಅಂತ ಒಬ್ಬರು ಹೇಳಿದ್ರು. ಬಾಗಿಲು ಬದಲಾಯಿಸ್ಲಾ?

ಒಬ್ಬರು ಹೇಳಿದ್ದಕ್ಕೆ ಗೋಡೆ ಒಡಿಬೇಡಿ. ಇನ್ನೊಬ್ಬರು ಬಂದು ಬೇರೆ ಹೇಳ್ತಾರೆ. ಕೇಳೋರಿಗೆ ಮನೆ ದಿಕ್ಕು, ಬಾಗಿಲು ಯಾವ ಕಡೆ, ಸಂಪ್ ಎಲ್ಲಿದೆ ಇಷ್ಟನ್ನ ಫೋನಲ್ಲೇ ನಿಜ ಹೇಳ್ಬಿಡಿ, ದಕ್ಷಿಣದ ಬಾಗಿಲು ಬೇಡ ಅನ್ನೋರು ಬರೋದೇ ಇಲ್ಲ, ಇಬ್ಬರ ಟೈಮೂ ಉಳಿಯತ್ತೆ. ದೇವರ ಮನೆ ಮಾತ್ರ ಚೊಕ್ಕಟ ಇರ್ಲಿ, ಮಸಿ ಹಿಡಿದ ಗೋಡೆ ಒರೆಸಿ, ಒಂದು ದೀಪ ಹಚ್ಚಿ.

ಕಾಗದ ಪತ್ರ ಅಂದ್ರೆ ಸರಿಯಾಗಿ ಏನೇನು ರೆಡಿ ಇರ್ಬೇಕು?

ಬೆಂಗಳೂರಲ್ಲಿ 2024ರ ಅಕ್ಟೋಬರ್‌ನಿಂದ ಇ-ಖಾತಾ (ಆನ್‌ಲೈನ್ ಖಾತಾ) ಇಲ್ದೆ ರಿಜಿಸ್ಟ್ರೇಷನ್ ಆಗಲ್ಲ, ಹಾಗಾಗಿ ಮೊದಲು ಅದು. ಆನ್‌ಲೈನಲ್ಲಿ ಕರಡು ಖಾತಾ ನೋಡಿ, ಸೇಲ್ ಡೀಡು, ಕಂದಾಯದ ಅರ್ಜಿ ನಂಬರು, ಆಧಾರು, ಇಸಿ (ಆಸ್ತಿ ಮೇಲೆ ನೋಂದಣಿ ಆಗಿರೋ ಮಾರಾಟ, ಸಾಲದ ಪಟ್ಟಿ), ಮನೆ ಫೋಟೋ ಹಾಕಿ ಅರ್ಜಿ ಕೊಡೋದು. ಆಧಾರಲ್ಲಿ ಒಂಥರ ಹೆಸರು ಸೇಲ್ ಡೀಡಲ್ಲಿ ಒಂಥರ ಹೆಸರು ಇದ್ರೆ ಇಲ್ಲೇ ಸಿಕ್ಕಾಕ್ಕೊಳೋದು, ಇನಿಷಿಯಲ್ ಹಿಂದೆ ಮುಂದೆ ಆಗಿದ್ರೂ ತಡ ಆಗತ್ತೆ, ಅದಕ್ಕೇ ಗಿರಾಕಿ ಬರೋ ಮುಂಚೆನೇ ಶುರು ಮಾಡಿ ಅನ್ನೋದು. ಬಿ ಖಾತಾ (ಅನುಮತಿ ಪೂರ್ತಿ ಸರಿಯಿಲ್ಲದ ಆಸ್ತಿಯ ಖಾತಾ) ಆಗಿದ್ರೆ ಅದನ್ನ ಮೊದಲ ಮಾತಲ್ಲೇ ಹೇಳಿ, ಕೊನೇಲಿ ಗೊತ್ತಾದ್ರೆ ವ್ಯವಹಾರವೇ ಮುರಿಯತ್ತೆ.

ಆಮೇಲೆ ಇಸಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಲ್ಲಿ 2004ರ ಏಪ್ರಿಲ್‌ನಿಂದ ಈಚೆಗಿಂದು ಆನ್‌ಲೈನಲ್ಲೇ ಸಿಗತ್ತೆ, ಅದಕ್ಕಿಂತ ಹಳೇದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸ್. ಗಿರಾಕಿಯ ಬ್ಯಾಂಕ್ ವಕೀಲರು ಸಾಮಾನ್ಯವಾಗಿ 30 ವರ್ಷದ್ದು ಕೇಳ್ತಾರೆ. ಇಸಿ ಬಂದ್ಮೇಲೆ ಸುಮ್ನೆ ಫೈಲಿಗೆ ಹಾಕದೆ ಓದಿ ನೋಡಿ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಮತ್ತೆ ಅಳತೆ ನಿಮ್ಮ ಸೇಲ್ ಡೀಡಿಗೆ ಹೊಂದ್ತಿದ್ಯಾ ಅಂತ. ಪೂರ್ವ ಪಶ್ಚಿಮ ಅದಲು ಬದಲು ಆಗಿರೋ ಕೇಸು ಎಷ್ಟೋ ಇವೆ, ಅದಕ್ಕೆ ತಿದ್ದುಪಡಿ ಪತ್ರ ಮಾಡಿಸ್ಬೇಕು.

ಇದರ ಜೊತೆ ಈ ವರ್ಷದವರೆಗಿನ ಕಂದಾಯ ರಸೀದಿ, ಕರೆಂಟ್ ಬಿಲ್ಲು, ನೀರಿನ ಬಿಲ್ಲು ಬಾಕಿ ಇಲ್ದಂಗೆ. ಎಲ್ಲದರ ಜೆರಾಕ್ಸ್ ಒಂದು ಫೈಲಲ್ಲಿ ಜೋಡ್ಸಿಡಿ. ಒರಿಜಿನಲ್ ಯಾರ ಕೈಗೂ ಕೊಡ್ಬೇಡಿ, ತೋರ್ಸಿ ವಾಪಸ್ ಇಟ್ಕೊಳ್ಳಿ.

ಮನೆ ಅಪ್ಪನ ಹೆಸರಲ್ಲೇ ಇದೆ, ಅವರು ತೀರ್ಕೊಂಡಿದಾರೆ.

ಹಂಗಾದ್ರೆ ಪೇಂಟ್, ಪ್ಲಂಬರ್ ಎಲ್ಲ ಪಕ್ಕಕ್ಕಿಟ್ಟು ಮೊದಲು ಇದು. ಮರಣ ಪ್ರಮಾಣಪತ್ರ, ವಂಶವೃಕ್ಷ ಮಾಡಿಸಿ ವಾರಸುದಾರರ ಹೆಸರಿಗೆ ಖಾತಾ ಆಗ್ಬೇಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿ ಬೇಡ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಆದ್ಮೇಲೆ ಪಿತ್ರಾರ್ಜಿತದಲ್ಲೂ ಮಗಳಿಗೆ ಮಗನಷ್ಟೇ ಹಕ್ಕು, ಅಪ್ಪನ ಸ್ವಯಾರ್ಜಿತ ಆಗಿದ್ದು ವಿಲ್ ಇಲ್ದಿದ್ರೆ ಅದರಲ್ಲೂ ಸಮಪಾಲು. ಅಕ್ಕತಂಗೀರನ್ನ ಮೊದಲೇ ಕೂರಿಸಿ ಮಾತಾಡಿ, ಅದು ಕಾನೂನಿಗೂ ಸರಿ, ಸಂಬಂಧಕ್ಕೂ ಸರಿ. ಒಬ್ಬ ಒಳ್ಳೇ ವಕೀಲರ ಫೀಸು ಇಲ್ಲಿ ಉಳ್ಸೋಕೆ ಹೋಗ್ಬೇಡಿ.

ಹೋಮ್ ಲೋನ್ ಎಂದೋ ತೀರಿಸಿದೀವಿ, ಆದ್ರೂ ಇಸಿಯಲ್ಲಿ ತೋರಿಸ್ತಿದೆ?

ಲೋನ್ ಕೊಟ್ಟಾಗ ಬ್ಯಾಂಕು ದಾಖಲೆ ಅಡ ಇಟ್ಕೊಂಡಿದ್ದು ನೋಂದಣಿ ಆಗಿರತ್ತೆ, ತೀರಿಸಿದ ಮೇಲೆ ಅದರ ಬಿಡುಗಡೆ ಪತ್ರಾನೂ ನೋಂದಣಿ ಮಾಡಿಸ್ಬೇಕು, ಬರೀ ನೋ ಡ್ಯೂ ಸರ್ಟಿಫಿಕೇಟ್ ಇದ್ರೆ ಇಸಿಯಿಂದ ಹೋಗಲ್ಲ. ಬ್ರ್ಯಾಂಚಿಗೆ ಹೋಗಿ ಕೇಳಿ. ಈಗ ತೀರಿಸೋರಿಗೆ ಒಂದು ಅನುಕೂಲ ಇದೆ, ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 2023ರ ಡಿಸೆಂಬರ್ 1ರಿಂದ ಲೋನ್ ಪೂರ್ತಿ ಕಟ್ಟಿದ 30 ದಿನದೊಳಗೆ ಒರಿಜಿನಲ್ ದಾಖಲೆ ವಾಪಸ್ ಕೊಡ್ಬೇಕು, ಬ್ಯಾಂಕಿನ ತಪ್ಪಿಂದ ತಡ ಆದ್ರೆ ದಿನಕ್ಕೆ 5,000 ರೂಪಾಯಿ ಪರಿಹಾರ.

ಇನ್ನೂ ಲೋನ್ ಇದ್ರೆ ಮಾರೋಕೆ ಅಡ್ಡಿ ಇಲ್ಲ, ಬ್ಯಾಂಕಿಂದ ಬಾಕಿ ಎಷ್ಟು ಅನ್ನೋ ಪತ್ರ, ಅವರ ಹತ್ರ ಇರೋ ದಾಖಲೆಗಳ ಪಟ್ಟಿ ಮೊದಲೇ ತಗೊಂಡಿಟ್ಕೊಳ್ಳಿ.

ನಮ್ಮದು ಫ್ಲಾಟು. ಬೇರೆ ಏನಾದ್ರೂ ಇದ್ಯಾ?

ಅಸೋಸಿಯೇಷನ್ನಿಂದ ಎನ್‌ಒಸಿ (ತಕರಾರು ಇಲ್ಲ ಅನ್ನೋ ಪತ್ರ), ಮೇಂಟೆನೆನ್ಸ್ ಬಾಕಿ ಇಲ್ಲ ಅನ್ನೋ ಪತ್ರ, ಪಾರ್ಕಿಂಗ್ ನಿಮಗೆ ಕೊಟ್ಟಿರೋ ದಾಖಲೆ, ಓಸಿ (ವಾಸಕ್ಕೆ ಅನುಮತಿ ಕೊಟ್ಟಿರೋ ಪತ್ರ) ಕಾಪಿ. ಮೇಲಿನ ಫ್ಲಾಟಿಂದ ನಿಮ್ಮ ಬಾತ್‌ರೂಮ್ ಸೀಲಿಂಗಿಗೆ ಸೋರ್ತಿದ್ರೆ ಅದು ನಿಮ್ಮೊಬ್ಬರಿಂದ ಸರಿಹೋಗೋದಲ್ಲ, ಮೇಲಿನ ಮನೆಯೋರ ಜೊತೆ ಕೂತು ಮಾತಾಡಿ ಮಾಡಿಸ್ಬೇಕು, ಅದಕ್ಕೆ ಟೈಮ್ ಹಿಡಿಯತ್ತೆ ಅಂತ ಮೊದಲೇ ಶುರು ಮಾಡಿ. ಬಾಲ್ಕನಿ ಸ್ಟೋರ್ ರೂಮ್ ಆಗಿದ್ರೆ ಖಾಲಿ ಮಾಡಿ ಎರಡು ಕುಂಡ ಇಡಿ.

ಮಲೆನಾಡು ಕಡೆ ಹೆಂಚಿನ ಮನೆಗೆ?

ಒಡೆದ ಹೆಂಚು ಬದಲಾಯ್ಸಿ, ಹಳೇ ಮಂಗಳೂರು ಹೆಂಚು ಬಿಚ್ಚಿದ ಮನೆಗಳಿಂದ ಕಮ್ಮಿ ರೇಟಿಗೆ ಸಿಗತ್ತೆ, ಅಳತೆ ಹೊಂದತ್ತಾ ನೋಡಿ ತನ್ನಿ. ಪಾಚಿ ಉಜ್ಜಿಸಿ. ಹೆಂಚು ಹೊರೋ ಮರದ ರೀಪು ಪಕಾಸಿ ಎಲ್ಲಾದ್ರೂ ಕುಂಬಾಗಿ ಕೊಳೆತಿದ್ರೆ ಅಷ್ಟು ಮಾತ್ರ ತೆಗೆಸಿ ಹಾಕ್ಸಿ. ಅಂಗಳ ಕೆತ್ತಿಸಿ, ಬಾವಿಕಟ್ಟೆ ಸುತ್ತ ಕ್ಲೀನ್ ಮಾಡ್ಸಿ. ಬಾವಿಲಿ ಬೇಸಿಗೇಲಿ ನೀರು ಎಷ್ಟಿರತ್ತೆ ಅಂತ ಏಪ್ರಿಲ್ ಮೇ ತಿಂಗಳಲ್ಲಿ ತಾರೀಖು ಕಾಣೋ ಥರ ಒಂದು ಫೋಟೋ ತೆಗೆದಿಡಿ, ಬರೋರು ಕೇಳೋ ಮೊದಲ ಪ್ರಶ್ನೆನೇ ಅದು.

ಬಾಡಿಗೆಯೋರು ಇದಾರೆ, ಅವರಿದ್ದಾಗಲೇ ತೋರ್ಸೋದು ಹೆಂಗೆ?

ಮೊದಲು ಅವರಿಗೆ ವಿಷಯ ಹೇಳಿ, ಬೇರೆಯೋರ ಬಾಯಿಂದ ಗೊತ್ತಾಗೋದು ಬೇಡ. ಒಂದು ದಿನ ಮುಂಚೆ ಫೋನ್ ಮಾಡಿ ಟೈಮ್ ಕೇಳ್ಕೊಂಡೇ ಜನ ಕಳ್ಸಿ, ಶನಿವಾರ ಭಾನುವಾರ ಎರಡು ಗಂಟೆ ಅಂತ ಇಟ್ಕೊಂಡ್ರೆ ಅವರಿಗೂ ಹಿಂಸೆ ಇಲ್ಲ. ಆ ತಿಂಗಳ ಬಾಡಿಗೆಲಿ ಸ್ವಲ್ಪ ಬಿಟ್ರೆ ಅವರೇ ಮನೆ ನೀಟಾಗಿ ಇಡ್ತಾರೆ. ಮನೆ ಬಗ್ಗೆ ಅವರು ಆಡೋ ಒಂದು ಒಳ್ಳೇ ಮಾತು ಯಾವ ಜಾಹೀರಾತಿಗಿಂತ ಜಾಸ್ತಿ ಕೆಲಸ ಮಾಡತ್ತೆ.

ಫೋಟೋ ತೆಗೆಯೋಕೆ ಫೋಟೋಗ್ರಾಫರ್ ಬೇಕಾ?

ಫೋನ್ ಸಾಕು. ಬೆಳಿಗ್ಗೆ ಬಿಸಿಲು ಬಂದ್ಮೇಲೆ ಪರದೆ ಎಲ್ಲ ಸರಿಸಿ, ಲೈಟು ಹಾಕಿ, ಫೋನ್ ಅಡ್ಡ ಹಿಡ್ಕೊಂಡು ರೂಮಿನ ಮೂಲೆಗೆ ಬೆನ್ನು ಕೊಟ್ಟು ಎದೆ ಮಟ್ಟದಿಂದ ತೆಗೀರಿ. ಒಣಹಾಕಿದ ಬಟ್ಟೆ, ಬಾಗಿಲ ಹಿಂದೆ ನೇತಾಡೋ ಪ್ಯಾಂಟು, ಫ್ರಿಜ್ ಮೇಲಿನ ಮಾತ್ರೆ ಡಬ್ಬ ಫ್ರೇಮಲ್ಲಿ ಇರ್ಬಾರ್ದು, ಕಮೋಡ್ ಮುಚ್ಚಳ ಹಾಕಿರ್ಲಿ. ಮನೆಯೋರ ಫೋಟೋ, ಮಕ್ಕಳ ಸರ್ಟಿಫಿಕೇಟು, ಒಡವೆ ಬೀರು, ಬೀಗದ ಕೈ ಇಂಥದ್ದು ಬರದಂಗೆ ನೋಡ್ಕೊಳ್ಳಿ. ದಾಖಲೆಗಳ ಫೋಟೋ ಜಾಹೀರಾತಿಗೆ ಯಾವತ್ತೂ ಹಾಕ್ಬೇಡಿ.

ಬರಹದಲ್ಲಿ ಸೈಟ್ ಅಳತೆ, ದಿಕ್ಕು, ಖಾತಾ ಯಾವುದು, ಕಾವೇರಿ ನೀರು ಇದ್ಯಾ ಬೋರ್ ಇದ್ಯಾ, ಕಾರ್ ಒಳಗೆ ನಿಲ್ಲತ್ತಾ, ರಸ್ತೆ ಎಷ್ಟು ಅಡಿ, ಇಷ್ಟು ಇದ್ರೆ ಸುಮ್ನೆ ವಿಚಾರಿಸೋರ ಫೋನು ಅರ್ಧ ಕಮ್ಮಿ ಆಗತ್ತೆ.

ಆಷಾಢದಲ್ಲಿ ಜನ ಮನೆ ನೋಡಲ್ಲ ಅಂತಾರಲ್ಲ, ಯಾವಾಗ ಶುರು ಮಾಡ್ಲಿ?

ಅಡ್ವಾನ್ಸ್, ರಿಜಿಸ್ಟ್ರೇಷನ್ನು ಆಷಾಢದಲ್ಲಿ, ಪಿತೃಪಕ್ಷದಲ್ಲಿ ಬೇಡ ಅನ್ನೋರು ಇದ್ದೇ ಇದಾರೆ. ಅದನ್ನ ನಿಮ್ಮ ಅನುಕೂಲಕ್ಕೆ ಬಳ್ಸ್ಕೊಳ್ಳಿ. ಆಷಾಢ ಮಳೆಗಾಲನೇ ಆಗಿರೋದ್ರಿಂದ ಎಲ್ಲಿ ಸೋರತ್ತೆ ಅಂತ ಕಣ್ಣಾರೆ ಕಾಣತ್ತೆ, ಗುರುತು ಹಾಕಿಟ್ಕೊಳ್ಳಿ, ಖಾತಾ ಇಸಿ ಕೆಲಸ, ಅಟ್ಟ ಖಾಲಿ ಮಾಡೋದು, ಬಡಗಿ ಕೆಲಸ ಎಲ್ಲ ಆಗ ಮುಗ್ಸಿ. ಹೊರಗಿನ ಪೇಂಟು ಮಳೆ ಬಿಟ್ಟ ಮೇಲೆ. ಅವಸರ ಇಲ್ಲ ಅಂದ್ರೆ ಸಂಕ್ರಾಂತಿಯಿಂದ ಯುಗಾದಿ, ಅಕ್ಷಯ ತೃತೀಯದವರೆಗಿನ ತಿಂಗಳುಗಳು ಒಳ್ಳೇದು, ಗೋಡೆ ಒಣಗಿರತ್ತೆ, ಮಕ್ಕಳ ಶಾಲೆ ಶುರುವಾಗೋ ಮುಂಚೆ ಮನೆ ಬದಲಾಯ್ಸೋರೂ ಆಗಲೇ ಹುಡುಕ್ತಾ ಇರ್ತಾರೆ.

ಒಂದು ಹಳೇ ದೋಷ ಇದೆ, ಹೇಳ್ದೆ ಇದ್ರೆ ಗೊತ್ತಾಗಲ್ಲ. ಹೇಳ್ಬೇಕಾ?

ಹೇಳ್ಬೇಕು. ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ರೂ ಕಾಣದ, ನಿಮಗೆ ಗೊತ್ತಿರೋ ಮುಖ್ಯ ದೋಷನ ತಿಳಿಸೋದು ಮಾರೋರ ಹೊಣೆ ಅಂತ ಆಸ್ತಿ ವರ್ಗಾವಣೆ ಕಾಯ್ದೆ 55ನೇ ಕಲಂನಲ್ಲೇ ಇದೆ. ಬಿರುಕಿಗೆ ಕ್ಯಾಲೆಂಡರ್ ನೇತಾಕೋದು, ತೇವದ ಗೋಡೆಗೆ ವಾಲ್‌ಪೇಪರ್ ಅಂಟ್ಸೋದು, ಇದೆಲ್ಲ ಮಾಡ್ಬೇಡಿ. ಇಂಥ ಕಡೆ ಸೋರ್ತಿತ್ತು, ಇಂಥ ತಿಂಗಳು ಸರಿಮಾಡಿಸಿದೀವಿ, ಬಿಲ್ ಇಲ್ಲಿದೆ ಅಂತ ತೋರ್ಸಿದ್ರೆ ಬಂದೋರಿಗೆ ಉಳಿದ ಮನೆ ಮೇಲೂ ನಂಬಿಕೆ ಬರತ್ತೆ. ಅವರೂ ಜೀವಮಾನದ ದುಡಿಮೆ ತಂದು ಹಾಕ್ತಿರೋದು.

ರಿಪೇರಿ ಖರ್ಚು ಟ್ಯಾಕ್ಸಲ್ಲಿ ಕಳೀಬಹುದಾ?

ಪೇಂಟು, ಮಾಮೂಲಿ ರಿಪೇರಿ ಕಳೆಯೋಕೆ ಬರಲ್ಲ. ರೂಮ್ ಕಟ್ಟಿಸಿದ್ದು, ಮಹಡಿ ಏರಿಸಿದ್ದು ಇಂಥದ್ದು ಮನೆಯ ವೆಚ್ಚಕ್ಕೆ ಸೇರತ್ತೆ, ಬ್ರೋಕರ್ ಕಮಿಷನ್ ಮಾರಾಟದ ಖರ್ಚಲ್ಲಿ ಕಳೀಬಹುದು, ಬಿಲ್ ಬೇಕು. ಎರಡು ವರ್ಷಕ್ಕಿಂತ ಜಾಸ್ತಿ ಇಟ್ಕೊಂಡಿದ್ದ ಮನೆಗೆ ಲಾಭದ ಮೇಲೆ 12.5 ಪರ್ಸೆಂಟ್, 2024ರ ಜುಲೈ 23ಕ್ಕೆ ಮುಂಚೆ ಕೊಂಡಿದ್ದಾದ್ರೆ ಭಾರತದಲ್ಲೇ ವಾಸ ಇರೋರು ಇಂಡೆಕ್ಸೇಷನ್ (ಬೆಲೆ ಏರಿಕೆಗೆ ತಕ್ಕಂತೆ ಕೊಂಡ ಬೆಲೆ ಏರಿಸಿ ಲೆಕ್ಕ ಹಾಕೋದು) ಜೊತೆ 20 ಪರ್ಸೆಂಟ್ ಲೆಕ್ಕದಲ್ಲಿ ಯಾವುದು ಕಮ್ಮಿಯೋ ಅದನ್ನ ಕಟ್ಟಬಹುದು. ಒಬ್ಬ ಆಡಿಟರ್ ಹತ್ರ ಮೊದಲೇ ಲೆಕ್ಕ ಹಾಕ್ಸಿ, ಕೈಗೆ ನಿಜವಾಗಿ ಎಷ್ಟು ಬರತ್ತೆ ಅಂತ ಗೊತ್ತಿಲ್ದೆ ರೇಟ್ ಹೇಳ್ಬೇಡಿ.

ನಾನು ಅಮೆರಿಕದಲ್ಲಿದೀನಿ, ಮನೆ ಮೈಸೂರಲ್ಲಿ.

ನಂಬಿಕೆಯೋರಿಗೆ ಅಧಿಕಾರ ಪತ್ರ (ಪವರ್ ಆಫ್ ಅಟಾರ್ನಿ) ಕೊಡ್ಬೇಕು, ಅಲ್ಲಿನ ಭಾರತೀಯ ಕಾನ್ಸುಲೇಟಲ್ಲಿ ದೃಢೀಕರಿಸಿ ಕಳ್ಸಿ, ಇಲ್ಲಿ ಬಂದ 3 ತಿಂಗಳೊಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಿಸ್ಬೇಕು. ಇಲ್ಲಿರೋರು 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿಗೆ ಮಾರಿದ್ರೆ ಗಿರಾಕಿ 1 ಪರ್ಸೆಂಟ್ ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿಯೋ ತೆರಿಗೆ) ಹಿಡಿತಾರೆ, ಅನಿವಾಸಿ ಆದ್ರೆ ಅದಕ್ಕಿಂತ ತುಂಬಾ ಜಾಸ್ತಿ, ಕಮ್ಮಿ ಹಿಡಿಯೋಕೆ ಆದಾಯ ತೆರಿಗೆ ಇಲಾಖೆಯಿಂದ ಸರ್ಟಿಫಿಕೇಟ್ ತಗೋಬಹುದು, ಅದಕ್ಕೆ ಬೇಗನೆ ಅರ್ಜಿ ಹಾಕಿ. ರಿಪೇರಿ ಕೆಲಸ ನಡೀವಾಗ ದಿನಾ ಸಂಜೆ ವೀಡಿಯೊ ಕಾಲ್ ಮಾಡಿ ನೋಡಿ, ಆದ ಕೆಲಸಕ್ಕೆ ಮಾತ್ರ ದುಡ್ಡು ಹಾಕಿ.

ಗಿರಾಕಿ ಒಪ್ಕೊಂಡ್ರು, ಅಡ್ವಾನ್ಸ್ ಕ್ಯಾಷಲ್ಲಿ ಕೊಡ್ತೀನಿ ಅಂತಾರೆ. ತಗೋಬಹುದಾ?

20,000 ರೂಪಾಯಿ ಮುಟ್ಟಿದ್ರೆ ಬ್ಯಾಂಕ್ ಮೂಲಕನೇ ತಗೋಬೇಕು, ಕ್ಯಾಷಲ್ಲಿ ತಗೊಂಡ್ರೆ ಅಷ್ಟೇ ದಂಡ ಬೀಳೋ ಕಾನೂನು ಇದೆ. ಅಗ್ರಿಮೆಂಟಲ್ಲಿ ಮನೆ ಜೊತೆ ಏನೇನು ಬಿಟ್ಟು ಹೋಗ್ತೀರಿ ಅಂತ ಬರೆಸಿ: ಫ್ಯಾನ್ ಎಷ್ಟು, ಗೀಸರ್, ಸೋಲಾರ್, ಯುಪಿಎಸ್, ಮೋಟರ್. ಬೀಗ ಕೊಡೋ ದಿನ ಕರೆಂಟ್ ಮೀಟರ್, ನೀರಿನ ಮೀಟರ್ ರೀಡಿಂಗ್ ಫೋಟೋ ತೆಗೆದು ಇಬ್ಬರೂ ಇಟ್ಕೊಳ್ಳಿ, ಅಲ್ಲಿವರೆಗಿನ ಬಿಲ್ ನೀವು ಕಟ್ಟಿ.